ಕೆಳಗಿನ ಪಟ್ಟಿ ಮಾಯವಾದ ಬೆಳಗ್ಗೆ

ಬೆಳಗ್ಗೆ ಹತ್ತೂಕಾಲಿಗೆ ಅಕ್ಕನ ಫೋನ್ ಬಂತು. "ಲೇ ತಮ್ಮಾ, ಕೆಳಗಿನ ಪಟ್ಟಿ ಬರ್ತೈತಿ, ಹೋಗ್ತೈತಿ. ಬರ್ತೈತಿ, ಹೋಗ್ತೈತಿ. ಏನ್ ಮಾಡ್ಲಿ ಹೇಳು, ಜನ ಕಾಯ್ತಾ ಕುಂತಾರೆ."

ಅಕ್ಕನದು ದಾವಣಗೆರೆಯಲ್ಲಿ ಕೋರ್ಟ್ ಹತ್ತಿರ ಟೈಪಿಂಗ್ ಅಂಗಡಿ. ಒಂದು ಕಂಪ್ಯೂಟರ್, ಒಂದು ಪ್ರಿಂಟರ್, ಒಂದು ಜೆರಾಕ್ಸ್ ಮಷೀನ್, ಅಷ್ಟೇ. ಬಾಡಿಗೆ ಕರಾರು, ಅಫಿಡವಿಟ್, ಅರ್ಜಿ, ಇವೇ ದಿನವಿಡೀ. ಅವತ್ತು ಜಗಳೂರಿನಿಂದ ಮೊದಲ ಬಸ್ಸಿಗೆ ಬಂದ ಯಜಮಾನರೊಬ್ಬರು ಅಫಿಡವಿಟ್‌ಗೆ ಕಾಯುತ್ತಿದ್ದರು. 11 ಗಂಟೆಯೊಳಗೆ ಅದು ವಕೀಲರ ಕೈಗೆ ಸೇರಬೇಕಿತ್ತು.

ಆ ಕಂಪ್ಯೂಟರ್‌ಗೆ ಟಾಸ್ಕ್‌ಬಾರ್, ಅಂದರೆ ಅಕ್ಕ ಹೇಳುವ ಕೆಳಗಿನ ಪಟ್ಟಿ, ಬದಲಿಸುವ ಒಂದು ಸಾಫ್ಟ್‌ವೇರ್ ಹಾಕಿಕೊಟ್ಟಿದ್ದು ನಾನು. ಅದರ ಹೆಸರು ಬೇಡ. ಹಿಂದಿನ ರಾತ್ರಿ ವಿಂಡೋಸ್‌ಗೆ ಒಂದು ಅಪ್‌ಡೇಟ್ ಬಂದಿತ್ತು. ಟಾಸ್ಕ್‌ಬಾರ್ ಒಳಗಿನ ಕೋಡ್ ಬದಲಾಗಿತ್ತು, ಸಾಫ್ಟ್‌ವೇರ್‌ಗೆ ಅದು ಗೊತ್ತಿರಲಿಲ್ಲ, ಹಳೇ ಜಾಗ ಅಂತ ತಿಳಿದು ಕೈ ಹಾಕಿತು. ಟಾಸ್ಕ್‌ಬಾರ್ ಕ್ರ್ಯಾಶ್ ಆಯಿತು. ವಿಂಡೋಸ್ ಅದನ್ನು ತಾನಾಗಿಯೇ ಮತ್ತೆ ಶುರು ಮಾಡಿತು, ಸಾಫ್ಟ್‌ವೇರ್ ಮತ್ತೆ ಒಳಗೆ ಹೋಯಿತು, ಮತ್ತೆ ಕ್ರ್ಯಾಶ್. ಫೋನಿನಲ್ಲೇ ಟಾಸ್ಕ್ ಮ್ಯಾನೇಜರ್ ತೆಗೆಸಿ, ಸ್ಟಾರ್ಟಪ್ ಪಟ್ಟಿಯಲ್ಲಿ ಅದನ್ನು ಆಫ್ ಮಾಡಿಸಿ, ಕಂಪ್ಯೂಟರ್ ರೀಸ್ಟಾರ್ಟ್ ಆಗುವ ಹೊತ್ತಿಗೆ 25 ನಿಮಿಷ ಹೋಗಿತ್ತು. ಆ ಯಜಮಾನರು ಬೇರೆ ಅಂಗಡಿಗೆ ಹೋಗಿಬಿಟ್ಟಿದ್ದರು.

ಅವತ್ತಿನಿಂದ ಇಂಥ ಸಾಫ್ಟ್‌ವೇರ್ ಯಾವುದೇ ಬರಲಿ, ನಾನು ಮೊದಲು ಕೇಳುವುದು ಒಂದೇ. ಇದು ಕೆಟ್ಟರೆ ಹೇಗೆ ಕೆಡುತ್ತದೆ? ಎಷ್ಟು ಚಂದ ಕಾಣುತ್ತದೆ, ಎಷ್ಟು ಆಪ್ಷನ್ ಇದೆ, ಅದೆಲ್ಲ ಆಮೇಲಿನ ಮಾತು.

ಹಾಗಾದರೆ ಹಾಕಿದ್ದೇ ತಪ್ಪಲ್ವಾ ಅನ್ನಬಹುದು. ಇಲ್ಲ. ಅಕ್ಕನಿಗೆ ಅದು ನಿಜಕ್ಕೂ ಬೇಕಿತ್ತು. 2021ರ ಅಕ್ಟೋಬರ್‌ನಲ್ಲಿ ವಿಂಡೋಸ್ 11 ಬಂದಾಗ ಟಾಸ್ಕ್‌ಬಾರನ್ನು ಹೊಸದಾಗಿ ಬರೆದಿದ್ದರು. ಬರೆಯುವಾಗ ಹಳೆಯದರಲ್ಲಿ ಇದ್ದ ಎಷ್ಟೋ ಸೌಲಭ್ಯ ಬಿಟ್ಟುಹೋದವು. ಪಟ್ಟಿಯನ್ನು ಮೇಲಕ್ಕೋ ಪಕ್ಕಕ್ಕೋ ಸರಿಸುವಂತಿರಲಿಲ್ಲ. ಫೈಲನ್ನು ಎಳೆದು ಐಕಾನ್ ಮೇಲೆ ತಂದರೆ ಕಿಟಕಿ ತೆರೆಯುತ್ತಿರಲಿಲ್ಲ, ಅದು ವಾಪಸ್ ಬಂದಿದ್ದು 2022ರಲ್ಲಿ. ನೆಟ್ ಸ್ಪೀಡ್ ತೋರಿಸುವಂಥ ಚಿಕ್ಕ ಪಟ್ಟಿಗಳನ್ನು ಟಾಸ್ಕ್‌ಬಾರ್ ಮೇಲೆ ಕೂರಿಸಲು ಮೊದಲು ಅಧಿಕೃತ ದಾರಿ ಇತ್ತು, ಅದೂ ಹೋಯಿತು. ಎಲ್ಲಕ್ಕಿಂತ ಜಾಸ್ತಿ ಕಷ್ಟ ಕೊಟ್ಟಿದ್ದು ಐಕಾನ್ ಪಕ್ಕದ ಹೆಸರು ಹೋಗಿದ್ದು.

ಅಕ್ಕನ ಮೇಜಿನ ಮುಂದೆ ಕುಳಿತು ನೋಡಿದರೆ ಇದು ಅರ್ಥವಾಗುತ್ತದೆ. ವರ್ಡ್‌ನಲ್ಲಿ ಆರು ಫೈಲ್ ತೆರೆದಿವೆ. ಎರಡು ಬಾಡಿಗೆ ಕರಾರು, ಮೂರು ಅಫಿಡವಿಟ್, ಒಂದು ಅರ್ಜಿ. ಕೆಳಗೆ ಕಾಣುವುದು ಒಂದೇ ನೀಲಿ ಐಕಾನ್. ಅದರ ಮೇಲೆ ಮೌಸ್ ಇಟ್ಟರೆ ಆರು ಪುಟ್ಟ ಚಿತ್ರ ಮೇಲೆ ಬರುತ್ತವೆ, ಆರೂ ಬಿಳಿ ಹಾಳೆ, ಆರರಲ್ಲೂ ಕಪ್ಪು ಗೆರೆ. ಚಿತ್ರದ ಮೇಲೆ ಹೆಸರು ಇರುತ್ತದೆ ನಿಜ, ಆದರೆ ಸಾಲು ತುಂಬಿದರೆ ಅದೂ ಮೊಟಕಾಗುತ್ತದೆ. ಆ ಗಡಿಬಿಡಿಯಲ್ಲಿ ಒಬ್ಬರ ಹೆಸರನ್ನು ಇನ್ನೊಬ್ಬರ ಕರಾರಿನಲ್ಲಿ ಹೊಡೆದರೆ ಸ್ಟ್ಯಾಂಪ್ ಪೇಪರ್ ಹಾಳು, ದುಡ್ಡು ಹೋಗುವುದು ಅಕ್ಕನದೇ. ಐಕಾನ್ ಪಕ್ಕ "ಕರಾರು, ಹರಿಹರ" ಅಂತ ಹೆಸರು ಇದ್ದರೆ ಒಂದೇ ಕ್ಲಿಕ್. ಹಾಗಾಗಿ ಸಾಫ್ಟ್‌ವೇರ್ ಹಾಕಿದ್ದು.

ಇಂಥದ್ದು ಮೊದಲ ಸಲವೂ ಅಲ್ಲ. 2012ರಲ್ಲಿ ವಿಂಡೋಸ್ 8 ಬಂದಾಗ ಸ್ಟಾರ್ಟ್ ಬಟನ್ನೇ ಇರಲಿಲ್ಲ. ಲಕ್ಷಾಂತರ ಜನ ಕ್ಲಾಸಿಕ್ ಶೆಲ್ ಅನ್ನುವ ಸಾಫ್ಟ್‌ವೇರ್ ಹಾಕಿಕೊಂಡು ಹಳೇ ಮೆನು ವಾಪಸ್ ತಂದುಕೊಂಡರು. ಮರುವರ್ಷ 8.1ರಲ್ಲಿ ಬಟನ್ ಮರಳಿ ಬಂತು.

ಈಗ ಈ ಸಾಫ್ಟ್‌ವೇರ್ ಬರೆಯುವವರ ಕಷ್ಟಕ್ಕೆ ಬರೋಣ, ಯಾಕಂದರೆ ಅವರ ಮುಂದಿರುವ ದಾರಿಗಳಲ್ಲಿ ಯಾವುದೂ ಸಲೀಸಲ್ಲ. ಟಾಸ್ಕ್‌ಬಾರ್ ಇರುವುದು ಎಕ್ಸ್‌ಪ್ಲೋರರ್ ಅನ್ನುವ ಪ್ರೋಗ್ರಾಮ್ ಒಳಗೆ. ಅದನ್ನು ಬಾಡಿಗೆ ಮನೆ ಅಂದುಕೊಳ್ಳಿ. ಗೋಡೆಗೆ ಮೊಳೆ ಹೊಡೆದು ಕಪಾಟು ತೂಗುಹಾಕಬಹುದು. ಇಲ್ಲಾ, ಗೋಡೆ ಮುಟ್ಟದೆ ಅದರ ಮುಂದೆ ನಮ್ಮದೇ ಸ್ಟ್ಯಾಂಡ್ ತಂದು ನಿಲ್ಲಿಸಬಹುದು.

ಸ್ಟ್ಯಾಂಡ್ ಅಂದರೆ ರೆಟ್ರೋಬಾರ್ ಥರದ್ದು. ಮೂಲ ಟಾಸ್ಕ್‌ಬಾರನ್ನು ಮರೆಮಾಡಿ ಆ ಜಾಗದಲ್ಲಿ ತನ್ನದೇ ಪಟ್ಟಿ ಬರೆಯುತ್ತದೆ. ಒಳಗಿನ ಕೋಡ್ ತಿದ್ದುವುದಿಲ್ಲ, ಹಾಗಾಗಿ ಅಪ್‌ಡೇಟ್ ಬಂದರೂ ಭಯ ಕಡಿಮೆ. ಅದನ್ನು ಮುಚ್ಚಿದರೆ ಮೂಲ ಪಟ್ಟಿ ವಾಪಸ್. ಆದರೆ ಎಲ್ಲವನ್ನೂ ಮೊದಲಿಂದ ಕಟ್ಟಬೇಕು, ಗಡಿಯಾರ, ಅದರ ಪಕ್ಕದ ಐಕಾನ್‌ಗಳು, ಬಲ ಕ್ಲಿಕ್ ಮೆನು, ಎಲ್ಲ. ಇಲ್ಲಿ ನಮ್ಮಂಥವರ ಒಂದು ಮಾತಿದೆ. ಗಡಿಯಾರದ ಪಕ್ಕ ಭಾಷೆಯ ಗುರುತು ಇರುತ್ತದಲ್ಲ, ಈಗ ಕೀಬೋರ್ಡ್ ಕನ್ನಡದಲ್ಲಿದೆಯೋ ಇಂಗ್ಲಿಷಿನಲ್ಲಿದೆಯೋ ಅಂತ ಹೇಳುವುದು. ಬರೀ ಇಂಗ್ಲಿಷ್ ಟೈಪ್ ಮಾಡುವ ಪ್ರೋಗ್ರಾಮರ್‌ಗೆ ಅದು ಕಣ್ಣಿಗೇ ಬೀಳುವುದಿಲ್ಲ. ಅಕ್ಕ ದಿನಕ್ಕೆ ನೂರಾರು ಸಲ ಆ ಮೂಲೆ ನೋಡುತ್ತಾಳೆ. ಹೆಸರು ಕನ್ನಡದಲ್ಲಿ, ಆಧಾರ್ ನಂಬರ್ ಇಂಗ್ಲಿಷಿನಲ್ಲಿ, ಮತ್ತೆ ವಿಳಾಸ ಕನ್ನಡದಲ್ಲಿ. ಬದಲಿ ಪಟ್ಟಿಯಲ್ಲಿ ಆ ಒಂದು ಗುರುತು ಇಲ್ಲದಿದ್ದರೆ ಉಳಿದಿದ್ದು ಎಷ್ಟೇ ಚಂದ ಇದ್ದರೂ ಅವಳಿಗೆ ಉಪಯೋಗವಿಲ್ಲ.

ಮೊಳೆ ಹೊಡೆಯುವ ದಾರಿಯಲ್ಲಿ ಈ ತೊಂದರೆ ಇಲ್ಲ. ಸಾಫ್ಟ್‌ವೇರ್ ತನ್ನದೊಂದು ಡಿಎಲ್‌ಎಲ್ ಫೈಲನ್ನು (ಬೇರೆ ಪ್ರೋಗ್ರಾಮ್ ಒಳಗೆ ಸೇರಿ ಕೆಲಸ ಮಾಡುವ ಕೋಡ್) ಎಕ್ಸ್‌ಪ್ಲೋರರ್ ಒಳಗೆ ಸೇರಿಸಿ, ಅಲ್ಲಿನ ಫಂಕ್ಷನ್‌ಗಳನ್ನು, ಅಂದರೆ ಒಂದೊಂದು ಕೆಲಸ ಮಾಡುವ ಕೋಡ್ ತುಂಡುಗಳನ್ನು, ಹಿಡಿದು ತನಗೆ ಬೇಕಾದ ಕಡೆ ತಿರುಗಿಸುತ್ತದೆ. ಮೂಲ ಟಾಸ್ಕ್‌ಬಾರೇ ಇರುತ್ತದೆ, ಭಾಷೆಯ ಗುರುತೂ ಇರುತ್ತದೆ, ಬದಲಾಗುವುದು ಬೇಕಾದ ಒಂದೆರಡು ಭಾಗ ಮಾತ್ರ. ಆದರೆ ಈ ಮನೆಯ ಓನರ್, ಅಂದರೆ ಮೈಕ್ರೋಸಾಫ್ಟ್, ಪ್ರತಿ ತಿಂಗಳೂ ಬಂದು ಗೋಡೆಯೊಳಗಿನ ವೈರು, ಪೈಪು ಬದಲಿಸುತ್ತಾನೆ. ಹೋದ ತಿಂಗಳು ಮೊಳೆ ಹೊಡೆದ ಜಾಗದಲ್ಲಿ ಈ ತಿಂಗಳು ಪೈಪ್ ಇರಬಹುದು. ಹಾಗಾಗಿ ಒಳ್ಳೆಯ ಟೂಲ್‌ಗಳು ಮೈಕ್ರೋಸಾಫ್ಟ್ ಬಿಡುಗಡೆ ಮಾಡುವ ಸಿಂಬಲ್ ಫೈಲ್‌ಗಳನ್ನು ಡೌನ್‌ಲೋಡ್ ಮಾಡಿ ಯಾವ ಫಂಕ್ಷನ್ ಎಲ್ಲಿದೆ ಅಂತ ನೋಡಿಕೊಂಡು ಕೈ ಹಾಕುತ್ತವೆ. ಸಿಗದಿದ್ದರೆ ಸುಮ್ನೆ ಇರಬೇಕು. ಅಕ್ಕನ ಅಂಗಡಿಯಲ್ಲಿ ಆ ಸಾಫ್ಟ್‌ವೇರ್ ಮಾಡದೇ ಇದ್ದದ್ದು ಇಷ್ಟೇ. ಎರಡು ಸಲ ಬಿದ್ದ ಮೇಲೆ ಮೂರನೇ ಸಲ ಒಳಗೆ ಹೋಗಬಾರದಿತ್ತು. ಈ ಎಣಿಕೆ ಇಡುವುದು ದೊಡ್ಡ ಕೆಲಸವೇನಲ್ಲ. ಹೊಸ ಬಣ್ಣ, ಹೊಸ ಪಾರದರ್ಶಕ ಪಟ್ಟಿ ಅಂತ ತಿಂಗಳುಗಟ್ಟಲೆ ಕೂರುವವರು ಇದಕ್ಕೆ ಒಂದು ದಿನ ಕೊಡಬಾರದಾ?

ಎಕ್ಸ್‌ಪ್ಲೋರರ್‌ಪ್ಯಾಚರ್ ಅನ್ನುವ ಟೂಲ್‌ನ ಕಥೆ ಇನ್ನೊಂದು ಥರ. ವಿಂಡೋಸ್ 11ರ ಒಳಗೆ ವಿಂಡೋಸ್ 10ರ ಹಳೇ ಟಾಸ್ಕ್‌ಬಾರ್ ಕೋಡ್ ಇನ್ನೂ ಉಳಿದಿತ್ತು. ಅದನ್ನು ಎಬ್ಬಿಸಿ ಕೂರಿಸಿದ ಜಾಣತನ ಅದು, ಬಳಸಿದವರಿಗೆ ತುಂಬಾ ಹಿಡಿಸಿತು. 2024ರ 24ಎಚ್2 ಆವೃತ್ತಿಗೆ ಮೈಕ್ರೋಸಾಫ್ಟ್ ಆ ಹಳೇ ಕೋಡನ್ನೇ ತೆಗೆದುಹಾಕಿತು. ಟೂಲ್ ಬರೆದವರು ಹಳೇ ಪಟ್ಟಿಯನ್ನು ತಾವೇ ಹೊಸದಾಗಿ ಕಟ್ಟಬೇಕಾಯಿತು. ಅವರ ದುಡಿಮೆಗೆ ನನ್ನ ಗೌರವ ಇದೆ. ಆದರೆ ಓನರ್ ಬಿಟ್ಟುಹೋದ ಹಳೇ ಸಾಮಾನಿನ ಮೇಲೆ ಅಂಗಡಿ ನಡೆಸಲು ಆಗುವುದಿಲ್ಲ, ಯಾವತ್ತಾದರೂ ಬಂದು ತೆಗೆದುಕೊಂಡು ಹೋಗುತ್ತಾರೆ.

ಆಪ್ಷನ್‌ಗಳ ವಿಷಯಕ್ಕೂ ನನ್ನದೊಂದು ಗಟ್ಟಿ ಅಭಿಪ್ರಾಯ ಇದೆ. ಎಲ್ಲವನ್ನೂ ಒಂದರಲ್ಲೇ ತುಂಬಿದ ಟೂಲ್ ನನಗೆ ಬೇಡ. ಹತ್ತು ಆನ್-ಆಫ್ ಆಪ್ಷನ್ ಇದ್ದರೆ 1,024 ಬಗೆಯ ಜೋಡಣೆ ಆಗುತ್ತದೆ, ಇಪ್ಪತ್ತು ಇದ್ದರೆ 10 ಲಕ್ಷ ದಾಟುತ್ತದೆ. ಇದನ್ನೆಲ್ಲ ಯಾರೂ ಪರೀಕ್ಷೆ ಮಾಡಿರುವುದಿಲ್ಲ, ಮಾಡಲೂ ಆಗುವುದಿಲ್ಲ. ವಿಂಡ್‌ಹಾಕ್ ಅನ್ನುವ ಟೂಲ್‌ನವರು ಬೇರೆ ದಾರಿ ಹಿಡಿದರು. ಒಂದೊಂದು ಬದಲಾವಣೆಗೂ ಒಂದೊಂದು ಪುಟ್ಟ ಮಾಡ್. ಬೇಕಾದ್ದನ್ನು ಮಾತ್ರ ಹಾಕಿಕೊಳ್ಳಿ. ಅದರ ಸೋರ್ಸ್ ಕೋಡ್ ಅಲ್ಲೇ ಕಾಣುತ್ತದೆ, ಬೇಡ ಅನಿಸಿದರೆ ಅದೊಂದನ್ನೇ ಆಫ್ ಮಾಡಬಹುದು. ಇದರಲ್ಲೂ ಒಂದು ತೊಂದರೆ ಇದೆ. ಬೇರೆ ಬೇರೆಯವರು ಬರೆದ ಎರಡು ಮಾಡ್ ಒಂದೇ ಫಂಕ್ಷನ್‌ಗೆ ಕೈ ಹಾಕಿದರೆ ಜಗಳ ಆಗಬಹುದು, ಆಗ ತಪ್ಪು ಯಾರದು ಅಂತ ಹುಡುಕುವುದು ನಮ್ಮ ಪಾಲಿಗೆ. ಆದರೂ ಏನು ಕೆಟ್ಟಿದೆ ಅಂತ ಒಂದೊಂದಾಗಿ ಆಫ್ ಮಾಡಿ ನೋಡಬಹುದಲ್ವಾ, ನನಗೆ ಅಷ್ಟು ಸಾಕು.

ಈಗ ಅಕ್ಕನ ಕಂಪ್ಯೂಟರ್‌ನಲ್ಲಿ ಏನಿದೆ ಅಂತ ಹೇಳುತ್ತೇನೆ. ಹೆಸರು ತೋರಿಸುವುದಕ್ಕೆ ಯಾವ ಟೂಲೂ ಇಲ್ಲ, ಯಾಕಂದರೆ 2023ರಲ್ಲಿ ಅದು ವಿಂಡೋಸ್ ಸೆಟ್ಟಿಂಗ್ಸ್‌ಗೇ ವಾಪಸ್ ಬಂತು. ನಿಮ್ಮಲ್ಲಿ ಎಷ್ಟೋ ಜನ ಇದನ್ನು ಗಮನಿಸದೆ ಇನ್ನೂ ಹಳೇ ಟೂಲ್ ಇಟ್ಟುಕೊಂಡಿರುತ್ತೀರಿ. ದಯವಿಟ್ಟು ಟಾಸ್ಕ್‌ಬಾರ್ ಸೆಟ್ಟಿಂಗ್ಸ್ ಒಮ್ಮೆ ತೆರೆದು ನೋಡಿ. ಟೂಲ್ ಬರೆಯುವವರೂ ಅಷ್ಟೇ, ಇದು ಈಗ ವಿಂಡೋಸ್‌ನಲ್ಲೇ ಸಿಗುತ್ತದೆ, ನಮ್ಮದನ್ನು ಆಫ್ ಮಾಡಿ ಅಂತ ಒಂದು ಸಾಲು ತೋರಿಸಬೇಕು.

ಹಾಕಿರುವುದು ವಿಂಡ್‌ಹಾಕ್‌ನ ಒಂದೇ ಮಾಡ್, ಟಾಸ್ಕ್‌ಬಾರ್ ಎತ್ತರ ಕಡಿಮೆ ಮಾಡುವುದಕ್ಕೆ. ಅವಳ ಮಾನಿಟರ್ ಹಳೆಯದು, 1366×768. ವಿಂಡೋಸ್ 11ರ ಪಟ್ಟಿ 48 ಪಿಕ್ಸೆಲ್ ಎತ್ತರ, 10ರಲ್ಲಿ 40 ಇತ್ತು. ದೊಡ್ಡ ಮಾನಿಟರ್‌ನಲ್ಲಿ ಈ ವ್ಯತ್ಯಾಸ ಗೊತ್ತಾಗುವುದಿಲ್ಲ, 768ರಲ್ಲಿ ವರ್ಡ್‌ನ ಸುಮಾರು ಅರ್ಧ ಸಾಲು ಹೋದಂತೆ. ಮೊದಲು 30ಕ್ಕೆ ಇಳಿಸಿದೆ. ಇಂಗ್ಲಿಷ್ ಹೆಸರಿನ ಫೈಲ್‌ಗಳು ಚೆನ್ನಾಗಿ ಕಂಡವು. ಅಕ್ಕ "ಕೃಷ್ಣಪ್ಪ" ಅನ್ನುವ ಫೈಲ್ ತೆರೆದಳು. ಪ ಅಕ್ಷರದ ಕೆಳಗಿನ ಒತ್ತು ಅರ್ಧಕ್ಕೇ ಕತ್ತರಿಸಿಹೋಗಿತ್ತು, ಷ ಕೆಳಗಿನ ಣ ಕಾಣಲೇ ಇಲ್ಲ. "ಇದ್ಯಾವ ಕೃಷಪ ಲೇ?" ಅಂದಳು. ಕನ್ನಡಕ್ಕೆ ಸಾಲಿನ ಕೆಳಗೂ ಜಾಗ ಬೇಕು, ಇಂಗ್ಲಿಷ್ ಅಕ್ಷರ ಇಟ್ಟು ಅಳತೆ ಮಾಡಿದವರಿಗೆ ಇದು ಹೊಳೆಯುವುದಿಲ್ಲ. ಎರಡೆರಡೇ ಏರಿಸುತ್ತಾ ಹೋದೆ. 36ಕ್ಕೆ ಒತ್ತು ಪೂರ್ತಿ ಕಂಡಿತು, ಅಲ್ಲಿಗೇ ನಿಲ್ಲಿಸಿದೆ.

ಆಮೇಲೆ ಮಾನಿಟರ್ ಅಂಚಿಗೆ ಒಂದು ಚೀಟಿ ಅಂಟಿಸಿದ್ದೇನೆ. ಟಾಸ್ಕ್‌ಬಾರೇ ಇಲ್ಲದಿದ್ದರೂ ಕೀಬೋರ್ಡಿನಿಂದಲೇ ವಿಂಡ್‌ಹಾಕನ್ನು ತಡೆಯುವ ದಾರಿಯೊಂದಿದೆ, ಅದನ್ನೇ ಬರೆದಿದ್ದೇನೆ. "ಪಟ್ಟಿ ಹೋದರೆ: ಕಂಟ್ರೋಲ್ + ವಿಂಡೋಸ್ + ಡಬ್ಲ್ಯು ಒಟ್ಟಿಗೆ ಒತ್ತು. ಚಿಕ್ಕ ಕಿಟಕಿ ಬರುತ್ತದೆ. ಸೇಫ್ ಮೋಡ್ ಒತ್ತು. ಆಮೇಲೆ ನನಗೆ ಫೋನ್ ಮಾಡು." ಅಕ್ಕ ಅದಕ್ಕೆ ಮೇಲೊಂದು ಸೆಲ್ಲೋಟೇಪ್ ಹಾಕಿ, ನನ್ನ ಮುಂದೆಯೇ ಎರಡು ಸಲ ಒತ್ತಿ ನೋಡಿದಳು.