ಮಾತಾಡುವ ಮೆನು, ಕೇಳುವ ಬೆರಳು

ಮಾನ್ಯರೇ,

ಜೇಬಿನಲ್ಲಿಟ್ಟುಕೊಂಡು ಹಾಡು ಕೇಳುವ ಪ್ಲೇಯರ್ ಕಿವಿಗಾಗಿಯೇ ಹುಟ್ಟಿದ ಸಾಧನ. ಆದರೂ ಅದರೊಳಗಿನ ಹಾಡನ್ನು ಆರಿಸಿಕೊಳ್ಳಲು ಬಹುಕಾಲ ಕಣ್ಣೇ ಬೇಕಾಗಿತ್ತು. ಕ್ಯಾಸೆಟ್ಟಿನ ಕಾಲದಲ್ಲಿ ಈ ತೊಡಕು ಇಷ್ಟಿರಲಿಲ್ಲ. ಒತ್ತಿದ ಗುಂಡಿ ಒಳಗೆ ಹೋಗಿ ನಿಲ್ಲುತ್ತಿತ್ತು, ಡಬ್ಬಿಯ ಮೇಲೆ ಬ್ರೈಲ್ ಚೀಟಿ ಅಂಟಿಸಿದರೆ ಸಾಕಾಗುತ್ತಿತ್ತು. ಸಾವಿರಾರು ಹಾಡುಗಳು ಒಂದೇ ಸಾಧನದೊಳಗೆ ಸೇರಿ ಅವುಗಳ ಪಟ್ಟಿ ಪುಟ್ಟ ಪರದೆಗೆ ಹೋದ ಮೇಲೆ, ಕಣ್ಣು ಕಾಣದ ನಾವು ಎಣಿಕೆಯನ್ನು ನಂಬಬೇಕಾಯಿತು. ಕೆಳಗೆ ನಾಲ್ಕು ಸಲ, ಬಲಕ್ಕೆ ಒಂದು ಸಲ ಒತ್ತಿದರೆ ಸಂಗೀತದ ಫೋಲ್ಡರ್ ಎಂದು ನಾನು ಬಾಯಿಪಾಠ ಮಾಡಿಕೊಂಡಿದ್ದೆ. ಒಮ್ಮೆ ಎಣಿಕೆ ತಪ್ಪಿ ಯಾವುದೋ ಆಯ್ಕೆ ಬದಲಾಗಿ, ಕಣ್ಣಿರುವವರೊಬ್ಬರು ಮನೆಗೆ ಬರುವವರೆಗೆ ಮೂರು ದಿನ ಆ ಪ್ಲೇಯರ್ ಮೂಕವಾಗಿಯೇ ಬಿದ್ದಿತ್ತು.

ಈ ಮೌನವನ್ನು ಮೊದಲು ಮುರಿದವುಗಳಲ್ಲಿ ರಾಕ್‌ಬಾಕ್ಸ್ ಮುಖ್ಯವಾದುದು. ಆರ್ಕೋಸ್ ಕಂಪನಿಯ ಪ್ಲೇಯರಿನ ಮೂಲ ತಂತ್ರಾಂಶದಿಂದ ತೃಪ್ತರಾಗದ ಸ್ವೀಡನ್ನಿನ ಕೆಲವು ಪ್ರೋಗ್ರಾಮರುಗಳು 2001ರ ಕೊನೆಯಲ್ಲಿ ಆರಂಭಿಸಿದ ಮುಕ್ತ ತಂತ್ರಾಂಶ ಅದು. ಮುಂದೆ ಐಪಾಡ್, ಸ್ಯಾನ್ಸಾ ಮೊದಲಾದ ಬೇರೆ ಪ್ಲೇಯರುಗಳಿಗೂ ಅದನ್ನು ಹೊಂದಿಸಿದರು. ಮಾತಾಡುವ ಮೆನು ಅದರೊಳಗೆ ಬಂದ ಬಗೆ ತಿಳಿಯಬೇಕಾದದ್ದು. ಬರಹವನ್ನು ಆಗಿಂದಾಗಲೇ ಮಾತಾಗಿಸುವಷ್ಟು ಶಕ್ತಿ ಆ ಪ್ಲೇಯರುಗಳಿಗೆ ಇರಲಿಲ್ಲ. ಆದ್ದರಿಂದ ಮೆನುವಿನ ಒಂದೊಂದು ಪದವನ್ನೂ ಕಂಪ್ಯೂಟರಿನಲ್ಲಿ ಮೊದಲೇ ಉಚ್ಚರಿಸಿ, ತುಣುಕುಗಳನ್ನೆಲ್ಲ ಒಂದೇ ಧ್ವನಿ ಫೈಲಿನಲ್ಲಿ ಕಟ್ಟಿ ಪ್ಲೇಯರಿಗೆ ಹಾಕುತ್ತಾರೆ. ಬೆರಳು ಯಾವ ಸಾಲಿಗೆ ಬಂದಿತೋ ಆ ತುಣುಕು ನುಡಿಯುತ್ತದೆ. ಸಂಖ್ಯೆಗಳನ್ನು ತುಣುಕುಗಳ ಜೋಡಣೆಯಿಂದಲೇ ಹೇಳಿಸುತ್ತಾರೆ. ಇಲ್ಲಿ ಕನ್ನಡಕ್ಕೆ ಅದರದೇ ಸಮಸ್ಯೆಯಿದೆ: ‘ಇಪ್ಪತ್ತು’ ಮತ್ತು ‘ಒಂದು’ ಎಂಬ ತುಣುಕುಗಳನ್ನು ಪಕ್ಕಪಕ್ಕ ಇಟ್ಟರೆ ‘ಇಪ್ಪತ್ತೊಂದು’ ಆಗುವುದಿಲ್ಲ. ಸಂಧಿಯಾದ ರೂಪಗಳನ್ನು ಬೇರೆಯಾಗಿಯೇ ದಾಖಲಿಸಿಕೊಳ್ಳಬೇಕಾಗುತ್ತದೆ.

ಹಾಡಿನ ಹೆಸರುಗಳದ್ದು ಇನ್ನೊಂದು ಕಥೆ. ಅವು ಒಬ್ಬೊಬ್ಬರ ಸಂಗ್ರಹದಲ್ಲಿ ಒಂದೊಂದು ಬಗೆ. ಇಂಗ್ಲಿಷ್ ಅಕ್ಷರಗಳ ಹೆಸರಾದರೆ ಪ್ಲೇಯರ್ ಒಂದೊಂದೇ ಅಕ್ಷರ ಹೇಳಬಲ್ಲದು. ಒತ್ತಕ್ಷರ, ಗುಣಿತಾಕ್ಷರಗಳಿರುವ ನಮ್ಮ ಲಿಪಿಗೆ ಆ ದಾರಿ ಒಗ್ಗುವುದಿಲ್ಲ. ಪ್ರತಿ ಫೈಲಿಗೂ ಪ್ರತಿ ಫೋಲ್ಡರಿಗೂ ಅದರ ಹೆಸರನ್ನು ನುಡಿಯುವ ಪುಟ್ಟ ಧ್ವನಿ ತುಣುಕನ್ನು ಕಂಪ್ಯೂಟರಿನಲ್ಲಿ ತಯಾರಿಸಿ ಜೊತೆಗಿಡುವುದೇ ಸರಿಯಾದ ಉಪಾಯ. ಇ-ಸ್ಪೀಕ್ ಎಂಬ ಮುಕ್ತ ತಂತ್ರಾಂಶ ಕನ್ನಡವನ್ನೂ ಓದುತ್ತದೆ. ಅದರ ದನಿ ಯಾಂತ್ರಿಕ, ನಿಜ. ಆದರೆ ಗುರುತು ಹಿಡಿಯಲು ಇಂಪು ಬೇಕಿಲ್ಲ, ಸ್ಪಷ್ಟತೆ ಬೇಕು.

ದೊಡ್ಡ ಕಂಪನಿಗಳೂ ಕೊನೆಗೆ ಇದೇ ದಾರಿ ಹಿಡಿದವು. 2008ರ ಸೆಪ್ಟೆಂಬರಿನಲ್ಲಿ ಬಂದ ನಾಲ್ಕನೆಯ ಪೀಳಿಗೆಯ ಐಪಾಡ್ ನ್ಯಾನೋ ಮೆನುವನ್ನು ಓದಿ ಹೇಳಿತು. 2009ರ ಮಾರ್ಚಿನ ಐಪಾಡ್ ಶಫಲ್‌ನಲ್ಲಂತೂ ಪರದೆಯೇ ಇರಲಿಲ್ಲ, ಹಾಡಿನ ಹೆಸರು ತಿಳಿಯಲು ಕಣ್ಣಿರುವವರಿಗೂ ದನಿಯೇ ಬೇಕಾಯಿತು. ಅದು 14 ಭಾಷೆಗಳಲ್ಲಿ ಮಾತಾಡುತ್ತಿತ್ತು. ಭಾರತದ ಒಂದು ಭಾಷೆಯೂ ಅವುಗಳಲ್ಲಿರಲಿಲ್ಲ ಎಂಬುದು ನನ್ನನ್ನು ಇಂದಿಗೂ ನೋಯಿಸುತ್ತದೆ.

ಆದರೆ ಮೆನು ಮಾತಾಡಿದ ಮಾತ್ರಕ್ಕೆ ಕೆಲಸ ಮುಗಿಯಲಿಲ್ಲ. ಮುಂದಿನ ಗುಂಡಿ ಒತ್ತಿದ ಕ್ಷಣವೇ ಹಿಂದಿನ ಮಾತು ನಿಲ್ಲಬೇಕು. ಇದೇ ನಾನು ಇಲ್ಲಿ ಒತ್ತಿ ಹೇಳಬೇಕೆಂದು ಬಂದ ವಿಷಯ. ಕಣ್ಣಿರುವವರು ಹತ್ತು ಸಾಲುಗಳ ಮೇಲೆ ಒಮ್ಮೆಲೇ ದೃಷ್ಟಿ ಹಾಯಿಸುತ್ತಾರೆ. ನಾವು ಅವನ್ನು ಒಂದರ ಹಿಂದೆ ಒಂದರಂತೆ ಕೇಳಬೇಕು. ಪ್ರತಿ ಸಾಲನ್ನೂ ಪೂರ್ತಿ ಹೇಳಿಯೇ ತೀರುವ ಯಂತ್ರ ಎಷ್ಟು ಸ್ಪಷ್ಟವಾಗಿ ನುಡಿದರೂ ನಮ್ಮನ್ನು ಕಾಯಿಸುತ್ತದೆ. ಮೊದಲ ಎರಡು ಅಕ್ಷರ ಕಿವಿಗೆ ಬಿದ್ದೊಡನೆ ಬೇಡವೆಂದು ಮುಂದೆ ಸರಿಯುವುದೇ ನಮ್ಮ ಓದು. ಹಾಗಾಗಿ ಮೆನುವನ್ನು ಕನ್ನಡಕ್ಕೆ ತರುವವರು ಪದಗಳ ಕ್ರಮವನ್ನೂ ಯೋಚಿಸಬೇಕು. ‘ಧ್ವನಿಯ ಮಟ್ಟ’, ‘ಧ್ವನಿಯ ಸಮತೋಲನ’, ‘ಧ್ವನಿಯ ವೇಗ’ ಎಂದು ಮೂರು ಸಾಲುಗಳನ್ನು ಬರೆದರೆ ಕಣ್ಣಿಗೆ ಅಚ್ಚುಕಟ್ಟು, ಆದರೆ ಕಿವಿ ಮೂರು ಸಲವೂ ‘ಧ್ವನಿಯ’ ಮುಗಿಯುವ ತನಕ ಕಾಯಬೇಕು. ‘ಮಟ್ಟ’, ‘ಸಮತೋಲನ’, ‘ವೇಗ’ ಎಂದರೆ ಸಾಕು.

ಐಪಾಡಿನ ತಯಾರಿಕೆ 2022ರಲ್ಲಿ ನಿಂತಿತು. ಫೋನುಗಳು ಈಗ ಕನ್ನಡ ಓದುತ್ತವೆ. ಆದರೂ ನನ್ನ ಹಳೆಯ ಸ್ಯಾನ್ಸಾ ಕ್ಲಿಪ್ ಅಂಗಿಯ ಅಂಚಿನಲ್ಲೇ ಇದೆ, ಏಕೆಂದರೆ ಅದರ ಗುಂಡಿಗಳು ಹೆಬ್ಬೆರಳಿಗೆ ಸಿಗುತ್ತವೆ. ರಾಗದ ಹೆಸರಿನ ಫೋಲ್ಡರುಗಳಿಗೆಲ್ಲ ಕನ್ನಡದ ತುಣುಕು ಹಾಕಿಕೊಂಡಿದ್ದೇನೆ. ಬೆಳಗ್ಗೆ ಬಸ್ಸಿಗೆ ಕಾಯುತ್ತ ಕೆಳಗಿನ ಗುಂಡಿ ಒತ್ತುತ್ತ ಹೋಗುತ್ತೇನೆ: ‘ಕಲ್ಯಾ—’, ‘ಕಾಂಭೋ—’, ‘ಖರಹ—’. ‘ತೋಡಿ’ ಎಂದಾಗ ಬೆರಳು ನಿಲ್ಲುತ್ತದೆ.