ಮೈಕ್ ಕೈಕೊಟ್ಟ ದಿನ: ವಿಯೆನ್ನಾದಲ್ಲಿ ವುಂಡರ್‌ಟೀಮ್ ಹುಡುಕಿಕೊಂಡು

ಮೊದಲೇ ಹೇಳಿಬಿಡುತ್ತೇನೆ. ನೀವು ಕೇಳುತ್ತಿರುವ ಈ ಮಾತು ವಿಯೆನ್ನಾದಲ್ಲಿ ರೆಕಾರ್ಡ್ ಮಾಡಿದ್ದಲ್ಲ. ಬೆಂಗಳೂರಿನ ನನ್ನ ರೂಮಿನಲ್ಲಿ, ಕಿಟಕಿ ಮುಚ್ಚಿಕೊಂಡು ಆಮೇಲೆ ಸೇರಿಸಿದ್ದು. ನಡುವೆ ಪಕ್ಕದ ಮನೆಯ ಕುಕ್ಕರ್ ಕೂಗಿದರೆ ಸ್ವಲ್ಪ ಸಹಿಸಿಕೊಳ್ಳಿ.

ಅಲ್ಲಿ ಇಡೀ ದಿನ ಕ್ಯಾಮೆರಾ ಮುಂದೆ ಬಾಯಿ ನೋಯುವಷ್ಟು ಮಾತಾಡಿದ್ದೆ. ರಾತ್ರಿ ಹೋಟೆಲಿಗೆ ಬಂದು ಕೇಳಿದರೆ ಬರೀ ಗಾಳಿ. ಮೈಕಿನ ಬ್ಯಾಟರಿ ಚಳಿಗೆ ಯಾವಾಗಲೋ ಸತ್ತಿತ್ತು. ಚಿತ್ರ ಉಂಟು, ಮಾತಿಲ್ಲ.

ತಮಾಷೆ ನೋಡಿ, ನಾನು ಹೇಳಲು ಹೊರಟಿದ್ದ ಕಥೆ ಇದಕ್ಕೆ ಪೂರಾ ಉಲ್ಟಾ. ಈಗ ಕಾಣುತ್ತಿದೆಯಲ್ಲ, ಈ ದೊಡ್ಡ ಬಯಲು, ಇದರ ಹೆಸರು ಹೆಲ್ಡೆನ್‌ಪ್ಲಾಟ್ಸ್. ಅಂದರೆ ವೀರರ ಚೌಕ. 1932ರ ಡಿಸೆಂಬರ್ 7ರಂದು ಜನ ಇಲ್ಲಿ ಒಂದು ಫುಟ್‌ಬಾಲ್ ಪಂದ್ಯಕ್ಕೆ ಸೇರಿದ್ದರು. ಪಂದ್ಯ ನಡೆಯುತ್ತಿದ್ದದ್ದು ಲಂಡನ್ನಿನಲ್ಲಿ. ಇಲ್ಲಿ ಇದ್ದದ್ದು ಲೌಡ್‌ಸ್ಪೀಕರ್. ಅಲ್ಲಿಂದ ಬರುವ ರೇಡಿಯೋ ಕಾಮೆಂಟರಿ ಕೇಳುತ್ತಾ ಚಳಿಯಲ್ಲಿ ನಿಂತಿದ್ದರು. ಅವರಿಗೆ ಮಾತು ಇತ್ತು, ಚಿತ್ರ ಇರಲಿಲ್ಲ.

ನಾನು ಬಂದಿದ್ದೂ ಡಿಸೆಂಬರಿನಲ್ಲೇ. ಕಂಪನಿ ಕೆಲಸದ ಮೇಲೆ ಒಂದು ವಾರ, ಅದರಲ್ಲಿ ಒಂದೇ ಒಂದು ದಿನ ನನ್ನದು. ಜೊತೆಗಿದ್ದವರೆಲ್ಲ ಅರಮನೆ, ಕ್ರಿಸ್‌ಮಸ್ ಸಂತೆ ಎಂದು ಹೊರಟರು. ನಾನು ಟ್ರಾಮ್ ಪಾಸ್ ತಗೊಂಡು ಒಂದು ಹಳೇ ಫುಟ್‌ಬಾಲ್ ಟೀಮಿನ ಹಿಂದೆ ಬಿದ್ದೆ. ಎರಡು ಮಹಾಯುದ್ಧಗಳ ನಡುವಿನ ಆಸ್ಟ್ರಿಯಾ ಟೀಮು. ಊರವರು ಅದನ್ನು ವುಂಡರ್‌ಟೀಮ್ ಎಂದು ಕರೆದರು. ಪವಾಡದ ಟೀಮು ಅಂತಲೇ ಇಟ್ಟುಕೊಳ್ಳೋಣ.

ಇದು 37ನೇ ನಂಬರ್ ಟ್ರಾಮ್. ಕೊನೆಯ ಸ್ಟಾಪಿನ ಹೆಸರೇ ಹೋಹೆ ವಾರ್ಟೆ. ಗೇಟು ಬೀಗ ಹಾಕಿತ್ತು. ಹಾಗಾಗಿ ಬೇಲಿಯ ಸಂದಿಯಿಂದ ತೆಗೆದ ಶಾಟ್ ಇದು, ಬೈಯಬೇಡಿ. ಒಂದು ಕಡೆ ಸ್ಟ್ಯಾಂಡ್, ಇನ್ನೊಂದು ಕಡೆ ಹುಲ್ಲು ಬೆಳೆದ ದಿಬ್ಬ. ಆ ದಿಬ್ಬವೇ ಆಗಿನ ಗ್ಯಾಲರಿ. ಇದು ಫಸ್ಟ್ ವಿಯೆನ್ನಾ ಕ್ಲಬ್ಬಿನ ಮೈದಾನ. 1894ರಲ್ಲಿ ಶುರುವಾದ ಕ್ಲಬ್ಬು, ಶುರು ಮಾಡಿದವರಲ್ಲಿ ರೋತ್‌ಶೀಲ್ಡ್ ಮನೆತನದ ತೋಟದ ಕೆಲಸದವರಿದ್ದರು. ನೀಲಿ-ಹಳದಿ ಬಣ್ಣ ಬಂದಿದ್ದೂ ಆ ಮನೆತನದ ಕುದುರೆ ಜಾಕಿಗಳ ಅಂಗಿಯಿಂದ.

1931ರ ಮೇ 16ಕ್ಕೆ ಸ್ಕಾಟ್‌ಲೆಂಡ್ ಇಲ್ಲಿಗೆ ಬಂತು. ಆ ಕಾಲದಲ್ಲಿ ಸ್ಕಾಟ್‌ಲೆಂಡ್ ಅಂದರೆ ಮೇಷ್ಟ್ರುಗಳ ಟೀಮು. ಚಿಕ್ಕ ಚಿಕ್ಕ ಪಾಸ್ ಕೊಟ್ಟು ಆಡುವುದನ್ನು ಯುರೋಪ್ ಕಲಿತದ್ದೇ ಅವರಿಂದ. ಯುರೋಪಿನ ನೆಲದ ಯಾವ ದೇಶಕ್ಕೂ ಅವರು ಅಲ್ಲಿಯವರೆಗೆ ಸೋತಿರಲಿಲ್ಲ. ಅವತ್ತು ಆಸ್ಟ್ರಿಯಾ 5, ಸ್ಕಾಟ್‌ಲೆಂಡ್ 0. ರೇಂಜರ್ಸ್, ಸೆಲ್ಟಿಕ್ ಕ್ಲಬ್ಬುಗಳ ಆಟಗಾರರು ಆ ಟೀಮಿನಲ್ಲಿ ಇರಲಿಲ್ಲ, ಅದನ್ನು ಮುಚ್ಚಿಡುವುದು ಬೇಡ. ಆದರೂ ಐದು ಗೋಲು ಐದು ಗೋಲೇ ಅಲ್ವಾ?

ತಾರೀಖು ಇನ್ನೊಂದು ಸಲ ನೋಡಿ. ಮೇ 16. ಅದಕ್ಕೆ ಸರಿಯಾಗಿ ಐದು ದಿನ ಮೊದಲು, ಮೇ 11ಕ್ಕೆ, ದೇಶದ ಅತಿ ದೊಡ್ಡ ಬ್ಯಾಂಕು ಕ್ರೆಡಿಟ್‌ಆನ್‌ಸ್ಟಾಲ್ಟ್ ತಾನು ನಷ್ಟದಲ್ಲಿ ಮುಳುಗಿದ್ದೇನೆ ಎಂದು ಕೈಯೆತ್ತಿತ್ತು. ಯುರೋಪನ್ನೇ ನಡುಗಿಸಿದ ದಿವಾಳಿ ಅದು. ಕೆಲಸ ಇಲ್ಲದವರು ಊರ ತುಂಬ. ಆಸ್ಟ್ರಿಯಾ-ಹಂಗರಿ ಸಾಮ್ರಾಜ್ಯ 1918ಕ್ಕೇ ಹೋಗಿತ್ತು. ದೊಡ್ಡ ತಲೆ, ಬಡಕಲು ಮೈ ಎಂಬ ಹಾಗೆ ದೊಡ್ಡ ರಾಜಧಾನಿಯೊಂದು ಚಿಕ್ಕ ದೇಶಕ್ಕೆ ಅಂಟಿಕೊಂಡಿತ್ತು. ಅಂಥ ವಾರದಲ್ಲಿ ಬಂದ ಐದು ಗೋಲು ಇವು. ಈ ದಿಬ್ಬದ ಮೇಲೆ ನಿಂತಿದ್ದವರಲ್ಲಿ ಎಷ್ಟು ಜನರ ಜೇಬಿನಲ್ಲಿ ವಾಪಸ್ ಹೋಗಲು ಟ್ರಾಮ್ ಕಾಸಿತ್ತೋ ಎಂದು ಬೇಲಿ ಹಿಡಿದುಕೊಂಡು ಯೋಚನೆ ಮಾಡಿದೆ.

ಎಂಟೇ ದಿನಕ್ಕೆ ಬರ್ಲಿನ್ನಿಗೆ ಹೋಗಿ ಜರ್ಮನಿಗೆ 6-0. ಸೆಪ್ಟೆಂಬರಿನಲ್ಲಿ ಜರ್ಮನಿ ವಿಯೆನ್ನಾಗೆ ಬಂದಾಗ 5-0. ಬಾಸೆಲ್‌ನಲ್ಲಿ ಸ್ವಿಟ್ಜರ್‌ಲೆಂಡ್‌ಗೆ 8-1. 1932ರ ಏಪ್ರಿಲ್‌ನಲ್ಲಿ ಹಂಗರಿಗೆ 8-2. ಹಂಗರಿ ಅಂದರೆ ಹಳೇ ಸಾಮ್ರಾಜ್ಯದ ಇನ್ನೊಂದು ಅರ್ಧ, ದಾಯಾದಿ ಇದ್ದ ಹಾಗೆ. ದಾಯಾದಿಗೆ ಎಂಟು ಗೋಲು ಹೊಡೆದರೆ ಮನೆಯಲ್ಲಿ ಹಬ್ಬವೇ. 1931ರ ಏಪ್ರಿಲ್‌ನಿಂದ 1932ರ ಅಕ್ಟೋಬರ್‌ವರೆಗೆ 14 ಪಂದ್ಯ, ಅದರಲ್ಲಿ 11 ಗೆಲುವು, 3 ಡ್ರಾ. ಸೋಲು ಇಲ್ಲ.

ಈ ಟೀಮು ಕಟ್ಟಿದವರು ಹೂಗೋ ಮೈಸ್ಲ್. ಮೊದಲು ಬ್ಯಾಂಕಿನಲ್ಲಿ ಕೆಲಸಕ್ಕಿದ್ದವರು. ತಲೆಗೆ ಬೌಲರ್ ಹ್ಯಾಟು, ಕೈಯಲ್ಲಿ ಕೋಲು, ಬಾಯಲ್ಲಿ ಹಲವು ಭಾಷೆ. ಇಂದಿನ ಚಾಂಪಿಯನ್ಸ್ ಲೀಗಿಗೆ ಅಜ್ಜನಂತಿರುವ ಮಿಟ್ರೋಪಾ ಕಪ್ 1927ರಲ್ಲಿ ಶುರುವಾಗಿದ್ದು ಇವರ ಓಡಾಟದಿಂದ. ಅದಕ್ಕೂ ಮೊದಲು, 1924ರಲ್ಲೇ, ವಿಯೆನ್ನಾದಲ್ಲಿ ಸಂಬಳ ಕೊಟ್ಟು ಆಡಿಸುವ ಲೀಗ್ ಬಂದಿತ್ತು. ಬ್ರಿಟನ್ ಬಿಟ್ಟರೆ ಯುರೋಪಿನಲ್ಲಿ ಅದೇ ಮೊದಲು.

ಮೈಸ್ಲ್ ಸಾಹೇಬರದ್ದು ಒಂದು ಕಥೆ ಇದೆ. ಇಲ್ಲಿ ಫುಟ್‌ಬಾಲ್ ಮಾತು ನಡೆಯುತ್ತಿದ್ದದ್ದು ಕಾಫಿಹೌಸಿನಲ್ಲಿ. ನಮ್ಮ ಹೋಟೆಲುಗಳಲ್ಲಿ ಬೈಟೂ ಕಾಫಿ ಇಟ್ಟುಕೊಂಡು ಸರ್ಕಾರ ಬೀಳಿಸುವುದಿಲ್ಲವೇ, ಹಾಗೆ. ರಿಂಗ್ ಕಫೆಯಲ್ಲಿ ಪತ್ರಕರ್ತರು ದಿನಾ ಒಂದೇ ರಾಗ: ಸಿಂಡೆಲಾರ್‌ನನ್ನು ಆಡಿಸಿ, ಸಿಂಡೆಲಾರ್‌ನನ್ನು ಆಡಿಸಿ. ಸ್ಕಾಟ್‌ಲೆಂಡ್ ಪಂದ್ಯಕ್ಕೆ ಮುಂಚೆ ಮೈಸ್ಲ್ ರೇಗಿಹೋಗಿ, ಹನ್ನೊಂದು ಹೆಸರು ಬರೆದ ಚೀಟಿ ಮೇಜಿನ ಮೇಲೆ ಎಸೆದು, ತಗೊಳ್ಳಿ ನಿಮ್ಮ ಗೀಚುಗಾರರ ಟೀಮು ಎಂದು ಎದ್ದು ಹೋದರಂತೆ. ಆ ಚೀಟಿಯ ಟೀಮೇ ಐದು ಗೋಲು ಹೊಡೆದದ್ದು. ಕಥೆಗೆ ಒಂದಿಷ್ಟು ಒಗ್ಗರಣೆ ಬಿದ್ದಿರಬಹುದು. ನನಗಂತೂ ಅದನ್ನು ಬಿಡಲು ಮನಸ್ಸಿಲ್ಲ.

ಈಗ ಊರಿನ ಆ ತುದಿಯಿಂದ ಈ ತುದಿಗೆ ಬಂದೆವು. ಮೆಟ್ರೋ ಯು1, ಫವೋರಿಟೆನ್. ಇದು ದುಡಿಯುವವರ ಬಡಾವಣೆ. ಹತ್ತಿರದ ವೀನರ್‌ಬೆರ್ಗ್‌ನಲ್ಲಿ ಇಟ್ಟಿಗೆ ಭಟ್ಟಿಗಳಿದ್ದವು, ಅಲ್ಲಿ ಕೆಲಸಕ್ಕೆ ಚೆಕ್ ಸೀಮೆಯಿಂದ ಸಂಸಾರ ಸಮೇತ ಜನ ಬಂದರು. ಮಾತಿಯಾಸ್ ಸಿಂಡೆಲಾರ್ ಹುಟ್ಟಿದ್ದು 1903ರಲ್ಲಿ, ಮೊರಾವಿಯಾದ ಒಂದು ಹಳ್ಳಿಯಲ್ಲಿ. ಅಪ್ಪ ಗಾರೆ ಕೆಲಸದವನು, ಮೊದಲ ಯುದ್ಧದಲ್ಲಿ ಸತ್ತ. ಅಮ್ಮ ಬಟ್ಟೆ ಒಗೆದು ಮಕ್ಕಳನ್ನು ಸಾಕಿದಳು. ಹುಡುಗ ಆಟ ಕಲಿತದ್ದು ಈ ಬೀದಿಗಳಲ್ಲಿ. ಮೈಕಟ್ಟು ಸಣಕಲು. ಮೈಮೇಲೆ ಬೀಳುವ ದೊಡ್ಡ ಆಳುಗಳ ನಡುವೆ ನುಸುಳಿಕೊಂಡು ಹೋಗುವುದೇ ಅವನ ದಾರಿ. ಅದಕ್ಕೇ ಅವನ ಅಡ್ಡಹೆಸರು ಕಾಗದದ ಮನುಷ್ಯ.

ಅವನು ಸೆಂಟರ್ ಫಾರ್ವರ್ಡ್. ಆಗ ಆ ಜಾಗದಲ್ಲಿ ನಿಲ್ಲುವವನ ಕೆಲಸ ಗೋಲಿನ ಮುಂದೆ ನಿಂತು ಗುದ್ದಾಡುವುದು. ಇವನು ಹಿಂದಕ್ಕೆ ಬರುತ್ತಿದ್ದ. ಚೆಂಡು ಇಸ್ಕೊಂಡು, ತಿರುಗಿ, ಪಕ್ಕದವನಿಗೆ ಕೊಟ್ಟು, ಖಾಲಿ ಜಾಗಕ್ಕೆ ಓಡುತ್ತಿದ್ದ. ಎದುರಾಳಿ ಡಿಫೆಂಡರ್‌ಗೆ ಇವನ ಹಿಂದೆ ಹೋಗಬೇಕೋ, ಇದ್ದಲ್ಲೇ ಇರಬೇಕೋ ಗೊತ್ತಾಗುತ್ತಿರಲಿಲ್ಲ. ಅಷ್ಟರಲ್ಲಿ ಜೊತೆಯ ಆಟಗಾರ ಶಾಲ್ ಒಳಗೆ ನುಗ್ಗಿರುತ್ತಿದ್ದ. ಹಂಗರಿ ಪಂದ್ಯದ ಎಂಟು ಗೋಲಿನಲ್ಲಿ ನಾಲ್ಕು ಆ್ಯಂಟನ್ ಶಾಲ್‌ನದ್ದು, ಮೂರು ಸಿಂಡೆಲಾರ್‌ನದ್ದು. ಚೆಂಡನ್ನು ನೆಲ ಬಿಡಿಸದೆ ಒಬ್ಬರಿಗೊಬ್ಬರು ದಾಟಿಸುತ್ತಾ ಹೋಗುವ ಈ ಆಟಕ್ಕೆ ಊರ ಭಾಷೆಯಲ್ಲಿ ಶೈಬೆರ್ಲ್‌ನ್ ಎನ್ನುತ್ತಾರೆ. ಮೂರು ಸಲ ಹೇಳಿ ನೋಡಿದೆ, ಮೂರು ಸಲವೂ ನಾಲಿಗೆ ತೊಡರಿತು.

ಸರಿ, ಲಂಡನ್ ಪಂದ್ಯಕ್ಕೆ ಬರೋಣ. ನಾನು ಇಲ್ಲಿಗೆ ಬರಲು ಕಾರಣವೇ ಅದು.

ಇಂಗ್ಲೆಂಡ್ ತನ್ನ ನೆಲದಲ್ಲಿ, ಅಕ್ಕಪಕ್ಕದ ಬ್ರಿಟಿಷ್ ಟೀಮುಗಳನ್ನು ಬಿಟ್ಟರೆ, ಯುರೋಪಿನ ಯಾವ ದೇಶಕ್ಕೂ ಸೋತಿರಲಿಲ್ಲ. ಪಂದ್ಯ ಸ್ಟ್ಯಾಮ್‌ಫರ್ಡ್ ಬ್ರಿಜ್‌ನಲ್ಲಿ, ಜನ 40 ಸಾವಿರದ ಮೇಲೆ. ಟೀಮನ್ನು ಅಣಿ ಮಾಡಲು ಮೈಸ್ಲ್ ತನ್ನ ಹಳೇ ಗೆಳೆಯ, ಇಂಗ್ಲೆಂಡಿನವರೇ ಆದ ಜಿಮ್ಮಿ ಹೋಗನ್ ಅವರನ್ನು ಕರೆಸಿಕೊಂಡಿದ್ದರು. ಆದರೂ ಆರಂಭ ಕೆಟ್ಟಿತು. ಇಂಗ್ಲೆಂಡಿನ ಹ್ಯಾಂಪ್ಸನ್ ಒಂದು ಗೋಲು ಹೊಡೆದ, ಆಮೇಲೆ ಇನ್ನೊಂದು. ಹಾಫ್ ಟೈಮಿಗೆ 2-0.

ಈಗ ಹೆಲ್ಡೆನ್‌ಪ್ಲಾಟ್ಸ್ ಚೌಕದಲ್ಲಿ ನಿಂತವರನ್ನು ನೆನೆಸಿಕೊಳ್ಳಿ. ಕಾಮೆಂಟರಿ ಹೇಳುತ್ತಿದ್ದವರು ವಿಲ್ಲಿ ಶ್ಮೀಗರ್. ಚೆಂಡು ಎಲ್ಲಿದೆ, ಯಾರ ಕಾಲಲ್ಲಿದೆ, ಎಲ್ಲ ಅವರ ಬಾಯಲ್ಲಿ. ನನ್ನ ತಾತ ಊರಿನ ಕಟಿಂಗ್ ಶಾಪ್ ಮುಂದೆ ನಿಂತು ಕ್ರಿಕೆಟ್ ಕಾಮೆಂಟರಿ ಕೇಳುತ್ತಿದ್ದರು. ವಿಕೆಟ್ ಬಿದ್ದರೆ ರೇಡಿಯೋ ಕಡೆ ನೋಡುತ್ತಿರಲಿಲ್ಲ, ಪಕ್ಕದವರ ಮುಖ ನೋಡುತ್ತಿದ್ದರು. ಇಲ್ಲೂ ಹಾಗೇ ಇದ್ದಿರಬೇಕು. ಸಾವಿರಾರು ಜನ, ಒಬ್ಬರ ಮುಖ ಇನ್ನೊಬ್ಬರು ನೋಡಿಕೊಳ್ಳುತ್ತಾ.

ಎರಡನೇ ಅರ್ಧದಲ್ಲಿ ಆಸ್ಟ್ರಿಯಾ ಎದ್ದಿತು. ಝಿಶೆಕ್ ಗೋಲು, 2-1. ಇನ್ನೇನು ಸಮ ಆಯಿತು ಅನ್ನುವಾಗ ಹೌಟನ್ ಹೊಡೆದ ಫ್ರೀ ಕಿಕ್ ನಮ್ಮ ಶಾಲ್‌ಗೇ ತಗುಲಿ ದಿಕ್ಕು ಬದಲಿಸಿ ಒಳಗೆ ಹೋಯಿತು. ನಮ್ಮ ಶಾಲ್ ಅಂದೆನಲ್ಲ, ನೋಡಿ, ಯಾವಾಗ ಆ ಪಕ್ಷ ಸೇರಿಕೊಂಡೆನೋ! 3-1. ಸಿಂಡೆಲಾರ್ ಒಂದು, 3-2. ಕ್ರುಕ್ಸ್ ಒಂದು, 4-2. ಕೊನೆಗೆ ಝಿಶೆಕ್ ಮತ್ತೊಂದು, 4-3. ಅಷ್ಟೇ, ಸಮಯ ಮುಗಿಯಿತು.

ಸೋತರು. ಆದರೆ ಈ ಟೀಮಿನ ಬಗ್ಗೆ ಮಾತೆತ್ತಿದರೆ ಎಲ್ಲರೂ ಮೊದಲು ಹೇಳುವುದು ಈ ಸೋತ ಪಂದ್ಯವನ್ನೇ. ಹನ್ನೊಂದು ಗೆಲುವು ಆಮೇಲೆ. ಅವರು ಅವತ್ತು ಮಾಡಲಾಗದ್ದನ್ನು ಮಾಡಿದ್ದು ದಾಯಾದಿ ಹಂಗರಿ, 1953ರಲ್ಲಿ, ವೆಂಬ್ಲಿಯಲ್ಲಿ 6-3. ನಡುವೆ 21 ವರ್ಷ ಕಳೆದಿತ್ತು.

1934ರ ವಿಶ್ವಕಪ್ ಬಗ್ಗೆ ಜಾಸ್ತಿ ಹೇಳುವುದಿಲ್ಲ, ಹೊಟ್ಟೆ ಉರಿಯುತ್ತದೆ. ಮಿಲಾನ್‌ನಲ್ಲಿ ಸೆಮಿಫೈನಲ್, ಮೈದಾನ ಕೆಸರುಗದ್ದೆ. ನೆಲದ ಮೇಲೆ ಚೆಂಡು ಉರುಳಿಸಿ ಆಡುವವರಿಗೆ ಕೆಸರು ಸಿಕ್ಕಿದರೆ ಏನಾಗಬೇಕೋ ಅದೇ ಆಯಿತು. ಇಟಲಿ 1-0. ಮೂರನೇ ಸ್ಥಾನದ ಪಂದ್ಯವನ್ನೂ ಜರ್ಮನಿಗೆ 3-2ರಿಂದ ಬಿಟ್ಟುಕೊಟ್ಟರು. 1936ರ ಮೇ ತಿಂಗಳಲ್ಲಿ ವಿಯೆನ್ನಾದಲ್ಲಿ ಇಂಗ್ಲೆಂಡನ್ನು 2-1ರಿಂದ ಸೋಲಿಸಿ ಒಂದು ಬಾಕಿ ತೀರಿಸಿಕೊಂಡರು. ಮರುವರ್ಷ ಫೆಬ್ರವರಿಯಲ್ಲಿ ಮೈಸ್ಲ್ ತೀರಿಕೊಂಡರು. ಅವರು ಯಹೂದಿ. ಅದರ ಮುಂದಿನ ವರ್ಷ ಏನಾಯಿತು ಎಂದು ಅವರು ನೋಡಲಿಲ್ಲ.

1938ರ ಮಾರ್ಚ್ 12ಕ್ಕೆ ಜರ್ಮನ್ ಸೈನ್ಯ ಒಳಗೆ ಬಂತು. ದೇಶವೇ ಇಲ್ಲವಾದ ಮೇಲೆ ದೇಶದ ಟೀಮು ಎಲ್ಲಿಂದ? ಆ ವರ್ಷದ ವಿಶ್ವಕಪ್ಪಿಗೆ ಆಸ್ಟ್ರಿಯಾ ಆಗಲೇ ಆಯ್ಕೆಯಾಗಿತ್ತು. ಹೆಸರು ಹಿಂದಕ್ಕೆ ಹೋಯಿತು, ಅವರ ಎದುರು ಆಡಬೇಕಿದ್ದ ಸ್ವೀಡನ್ ಆಡದೆಯೇ ಮುಂದಿನ ಸುತ್ತಿಗೆ ಹೋಯಿತು. ವಿಯೆನ್ನಾದ ಕೆಲವು ಆಟಗಾರರನ್ನು ಸೇರಿಸಿಕೊಂಡ ಜರ್ಮನಿ ಮೊದಲ ಸುತ್ತಿನಲ್ಲೇ ಸ್ವಿಟ್ಜರ್‌ಲೆಂಡ್‌ಗೆ ಸೋತು ಮನೆಗೆ ಬಂತು.

ಯು2 ಮೆಟ್ರೋ, ಸ್ಟೇಡಿಯೋನ್ ಸ್ಟಾಪ್. ಎದುರಿಗಿರುವುದು ಪ್ರಾಟರ್ ಸ್ಟೇಡಿಯಂ, ಈಗ ಎರ್ನ್‌ಸ್ಟ್ ಹಾಪೆಲ್ ಹೆಸರಿನಲ್ಲಿದೆ. ಕಾರ್ಮಿಕರ ಒಲಿಂಪಿಯಾಡ್‌ಗೆ ಎಂದು 1931ರಲ್ಲಿ ತೆರೆದದ್ದು. 1938ರ ಏಪ್ರಿಲ್ 3ಕ್ಕೆ ಇಲ್ಲಿ ಹಳೇ ಆಸ್ಟ್ರಿಯಾಕ್ಕೂ ಜರ್ಮನಿಗೂ ಒಂದು ಪಂದ್ಯ ಇಟ್ಟರು, ಕೂಡಿಕೊಂಡ ಖುಷಿಗೆ. ಸಿಂಡೆಲಾರ್ ಒಂದು, ಸೆಸ್ಟಾ ತುಂಬ ದೂರದಿಂದ ಒಂದು, 2-0. ಸಿಂಡೆಲಾರ್ ಬೇಕೆಂದೇ ಚೆಂಡು ಹೊರಗೆ ಹೊಡೆದ, ಆಮೇಲೆ ನಾಜಿ ಅಧಿಕಾರಿಗಳ ಮುಂದೆ ಕುಣಿದ ಎಂಬ ಮಾತು ಇಂಟರ್‌ನೆಟ್ ತುಂಬ ಇದೆ. ಅದಕ್ಕೆ ಗಟ್ಟಿ ಆಧಾರ ಇಲ್ಲ. ಅದೇ ಬೇಸಿಗೆಯಲ್ಲಿ ಅವನು ಫವೋರಿಟೆನ್‌ನಲ್ಲಿ ಒಂದು ಕಾಫಿಹೌಸ್ ಕೊಂಡ, ಯಹೂದಿ ಮಾಲೀಕನಿಂದ ನಾಜಿ ಆಡಳಿತ ಕಿತ್ತುಕೊಂಡ ಜಾಗ ಅದು. ಇದಕ್ಕೆ ದಾಖಲೆ ಇದೆ. ಕುಣಿತದ ಕಥೆ ಹೇಳುವವರು ಇದನ್ನು ಹೇಳುವುದು ಕಡಿಮೆ. 1939ರ ಜನವರಿ 23ರಂದು ಅವನೂ ಅವನ ಗೆಳತಿಯೂ ಮನೆಯಲ್ಲಿ ವಿಷಾನಿಲದಿಂದ ಸತ್ತರು. ಚಿಮಣಿ ಕೆಟ್ಟಿತ್ತು ಎಂದು ವರದಿ ಬಂತು. ಆತ್ಮಹತ್ಯೆ, ಕೊಲೆ ಎಂಬ ಮಾತು ಇವತ್ತಿಗೂ ನಿಂತಿಲ್ಲ. ನಾನು ಅದಕ್ಕೆ ಒಂದು ಎಳೆ ಸೇರಿಸುವುದಿಲ್ಲ.

ಸಿಂಡೆಲಾರ್‌ನ ಸಮಾಧಿ ಇರುವುದು ಊರಿನ ದೊಡ್ಡ ಸ್ಮಶಾನ ಝೆಂಟ್ರಾಲ್‌ಫ್ರೀಡ್‌ಹೋಫ್‌ನಲ್ಲಿ, 71ನೇ ಟ್ರಾಮ್ ಹಿಡಿಯಬೇಕು. ಯಾರಾದರೂ ಸತ್ತರೆ ಇಲ್ಲಿಯವರು 71 ಹತ್ತಿದ ಎನ್ನುತ್ತಾರಂತೆ. ನಾನು ಹತ್ತಲಿಲ್ಲ. ನಾಲ್ಕು ಗಂಟೆಗೇ ಕತ್ತಲಾಯಿತು.

ಹಾಗಾಗಿ ಮತ್ತೆ ಹೆಲ್ಡೆನ್‌ಪ್ಲಾಟ್ಸ್‌ಗೆ ಬಂದೆ. ಇದು ಆರ್ಚ್‌ಡ್ಯೂಕ್ ಕಾರ್ಲ್‌ನ ಪ್ರತಿಮೆ, ಕುದುರೆ ಬರೀ ಹಿಂಗಾಲ ಮೇಲೆ ನಿಂತಿದೆ. ಆ ಕಡೆ ಬಾಗಿದ ಕಟ್ಟಡದ ಮಧ್ಯೆ ಬಾಲ್ಕನಿ ಕಾಣುತ್ತದಲ್ಲ, 1938ರ ಮಾರ್ಚ್ 15ಕ್ಕೆ ಹಿಟ್ಲರ್ ಮಾತಾಡಿದ್ದು ಅಲ್ಲಿಂದಲೇ. ಲಕ್ಷಗಟ್ಟಲೆ ಜನ ಇದೇ ಬಯಲಲ್ಲಿ ನಿಂತು ಕೇಳಿದರು, ಲೌಡ್‌ಸ್ಪೀಕರಿನಲ್ಲಿ. ಇಂಗ್ಲೆಂಡ್ ಪಂದ್ಯ ಕೇಳಿ ಆಗಿನ್ನೂ ಆರು ವರ್ಷ ಆಗಿರಲಿಲ್ಲ. ಎರಡಕ್ಕೂ ಬಂದಿದ್ದವರು ಎಷ್ಟೋ ಮಂದಿ ಇದ್ದಿರಲೇಬೇಕು.

ಇದು ಕೊನೆಯ ಕ್ಲಿಪ್. ಇಷ್ಟೊತ್ತು ಹಿಂದಿನ ಗಾಳಿಯ ಸದ್ದನ್ನೆಲ್ಲ ಕಷ್ಟಪಟ್ಟು ತೆಗೆದೆ. ಇದೊಂದರಲ್ಲಿ ಹಾಗೇ ಬಿಟ್ಟಿದ್ದೇನೆ. ಹೆಡ್‌ಫೋನ್ ಇದ್ದರೆ ಹಾಕಿಕೊಳ್ಳಿ, ಗಾಳಿಯ ನಡುವೆ ಕುದುರೆ ಗಾಡಿಯ ಗೊರಸಿನ ಸದ್ದು ಸಣ್ಣಗೆ ಕೇಳುತ್ತದೆ. ನಾನು ಇನ್ನು ಮಾತಾಡುವುದಿಲ್ಲ.