ಚಳಿಗಾಲದಲ್ಲಿ ಫಿಂಚ್ ಮರಿ ಉಳಿಸಿಕೊಳ್ಳುವುದು

ಕೇಳುಗರಿಗೆ ನಮಸ್ಕಾರ. ಹಿತ್ತಿಲಲ್ಲೋ ಬಾಲ್ಕನಿಯಲ್ಲೋ ಜೀಬ್ರಾ ಫಿಂಚ್ ಎಂಬ ಕಾಳು ತಿನ್ನುವ ಪುಟ್ಟ ಹಕ್ಕಿ ಸಾಕಿ, ಡಿಸೆಂಬರ್ ಬಂದರೆ ಮರಿ ಸಾಯುತ್ತವಲ್ಲ ಎಂದು ತಲೆ ಕೆಡಿಸಿಕೊಂಡವರಿಗಾಗಿ ಈ ಮಾತು. ಎಲ್ಲರೂ ಚಳಿಯನ್ನೇ ಬೈಯುತ್ತಾರೆ, ಹೀಟರ್ ಯಾವುದು ತರಲಿ ಎಂದು ಕೇಳುತ್ತಾರೆ. ಹೊಟ್ಟೆ ತುಂಬಿದ ಹಕ್ಕಿಗೆ ಬೆಂಗಳೂರಿನ ರಾತ್ರಿಚಳಿ ಏನೂ ಅಲ್ಲ. ಮರಿಯನ್ನು ಕೊಲ್ಲುವುದು ಉದ್ದ ರಾತ್ರಿಯ ಹಸಿವು. ಆದ್ದರಿಂದ ಮೊದಲು ದೀಪ, ಆಮೇಲೆ ಉಳಿದದ್ದು.

ಲೆಕ್ಕ ಹಾಕಿ. ಡಿಸೆಂಬರ್‌ನಲ್ಲಿ ಇಲ್ಲಿ ಹಗಲು ಹನ್ನೊಂದೂವರೆ ಗಂಟೆಗೂ ಕಡಿಮೆ. ಗೋಡೆ ಬದಿಯ ಪಂಜರವಾದರೆ ಐದೂವರೆಗೇ ಕತ್ತಲು, ಬೆಳಗ್ಗೆ ಏಳರವರೆಗೂ ಮಬ್ಬು. ಕತ್ತಲಲ್ಲಿ ತಂದೆತಾಯಿ ಉಣಿಸುವುದಿಲ್ಲ, ಅಷ್ಟು ಹೊತ್ತೂ ಮರಿಯ ಬಾಯಿಗೆ ಕಾಳು ಬೀಳುವುದಿಲ್ಲ. ಮೊದಲ ವಾರದ ಮರಿಯ ಕತ್ತಿನ ಬದಿಯಲ್ಲಿ, ತೆಳು ಚರ್ಮದೊಳಗೆ ಕಾಳುಚೀಲ ಕಾಣುತ್ತದೆ. ರಾತ್ರಿಗೆ ಮುಂಚೆ ಅದು ಕಾಳು ತುಂಬಿ ಉಬ್ಬಿರಬೇಕು. ಚಪ್ಪಟೆಯಾಗಿದ್ದರೆ ಬೆಳಗಿನವರೆಗೆ ಉಳಿಯುವುದು ಅನುಮಾನ.

ಸಂಜೆ ಐದಕ್ಕೆ ಒಂಬತ್ತು ವಾಟ್‌ನ ಎಲ್‌ಇಡಿ ಹಾಕಿ, ಏಳೂವರೆವರೆಗೆ ಉರಿಯಲಿ. ಫಟ್ಟನೆ ಆರಿಸಬೇಡಿ. ಹೆಣ್ಣು ಹೊರಗೆ ಕಡ್ಡಿಯ ಮೇಲಿದ್ದರೆ ಕತ್ತಲಲ್ಲಿ ಗೂಡು ಸೇರಲಾರದು, ಮೊಟ್ಟೆ ತಣ್ಣಗಾಗುತ್ತದೆ. ಅರ್ಧ ಗಂಟೆ ಜೀರೋ ಬಲ್ಬ್ ಬಿಟ್ಟು ಆಮೇಲೆ ಆರಿಸಿ. ಟೈಮರ್ ಹಾಕಿಬಿಟ್ಟರೆ ನಿಮಗೂ ನಿಶ್ಚಿಂತೆ.

ದೀಪ ಇದ್ದು ತಟ್ಟೆ ಖಾಲಿ ಇದ್ದರೆ ಏನು ಪ್ರಯೋಜನ? ಫಿಂಚ್ ಕಾಳು ಸುಲಿದು ಹೊಟ್ಟನ್ನು ಅಲ್ಲೇ ಬಿಡುತ್ತದೆ. ತಟ್ಟೆ ತುಂಬಿದಂತೆ ಕಾಣುತ್ತದೆ. ದಿನಾ ಊದಿ ನೋಡಿ. ಅಂಗಡಿಯ ನವಣೆ ಅಕ್ಕಿ ಬೇಡ, ಸಿಪ್ಪೆ ಇರುವ ನವಣೆ, ಬರಗು ತನ್ನಿ. ಎರಡು ಚಮಚ ನವಣೆ ರಾತ್ರಿ ನೆನೆಸಿ, ಬೆಳಗ್ಗೆ ತೊಳೆದು ಒದ್ದೆ ಬಟ್ಟೆಯಲ್ಲಿ ಕಟ್ಟಿ, ಮೊಳಕೆ ಇಣುಕಿದಾಗ ಮತ್ತೆ ತೊಳೆದು ಕೊಡಿ. ಹುಳಿ ವಾಸನೆ ಬಂದರೆ ಚೆಲ್ಲಿಬಿಡಿ. ಚೆನ್ನಾಗಿ ಬೇಯಿಸಿದ ಕೋಳಿಮೊಟ್ಟೆಯನ್ನೂ ಪುಡಿಮಾಡಿ ಕೊಡಿ, ಮೂರು ಗಂಟೆಯಲ್ಲಿ ತೆಗೆದುಬಿಡಿ.

ಈ ಹಕ್ಕಿಯ ತವರು ಆಸ್ಟ್ರೇಲಿಯಾದ ಒಣನಾಡು. ಅಲ್ಲಿ ಮಳೆ ಬಿದ್ದು ಹುಲ್ಲು ಬೀಜ ಕಟ್ಟಿದರೆ ಸಾಕು, ಮೊಟ್ಟೆ ಇಡುತ್ತದೆ. ಅಲ್ಲಿನ ಡೀಕಿನ್ ವಿಶ್ವವಿದ್ಯಾಲಯದವರು 2016ರಲ್ಲಿ ಒಂದು ಸೊಗಸಾದ ಸಂಗತಿ ಪ್ರಕಟಿಸಿದರು. ಹೊರಗಿನ ಬಿಸಿ 26 ಡಿಗ್ರಿ ದಾಟಿದಾಗ, ಕಾವಿನ ಕೊನೆಯ ದಿನಗಳಲ್ಲಿ ತಂದೆತಾಯಿ ಮೊಟ್ಟೆಗೆ ಒಂದು ವಿಶೇಷ ಕೂಗು ಹಾಕುತ್ತವೆ. ಅವರು ಆ ಕೂಗನ್ನು ಧ್ವನಿಮುದ್ರಿಸಿ ಕಾವುಪೆಟ್ಟಿಗೆಯ ಮೊಟ್ಟೆಗಳಿಗೆ ಕೇಳಿಸಿದರು. ಕೇಳಿಸಿಕೊಂಡ ಮೊಟ್ಟೆಯ ಮರಿಗಳು ಬಿಸಿ ಗೂಡಿನಲ್ಲಿ ಸಣ್ಣ ಮೈಯವಾಗಿ ಬೆಳೆದವು. ಸೆಕೆಗೆ ಅದೇ ಅನುಕೂಲ. ಚಿಪ್ಪಿನೊಳಗಿನ ಜೀವಕ್ಕೆ ಹವಾಮಾನ ವರದಿ! ಎಷ್ಟು ಸಲ ಹೇಳಿದರೂ ನನಗೆ ಸಾಲದು. ಬಿಸಿಲಿಗೆ ಇಷ್ಟು ತಯಾರಾದ ಹಕ್ಕಿ ನೀವು ಗೂಡು ಕಟ್ಟಿಕೊಟ್ಟರೆ ಡಿಸೆಂಬರ್‌ನಲ್ಲೂ ಮೊಟ್ಟೆ ಇಡುತ್ತದೆ. ಚಳಿಗಾಲದ ಲೆಕ್ಕ ನೋಡಬೇಕಾದವರು ನೀವು.

ಸಮಯ ಕಡಿಮೆಯಿದೆ, ಉಳಿದದ್ದನ್ನು ಬೇಗ ಹೇಳುತ್ತೇನೆ. ಹೆಣ್ಣು ಉಬ್ಬಿಕೊಂಡು ನೆಲದಲ್ಲಿ ಕೂತು ಬಾಲ ಆಡಿಸುತ್ತಿದ್ದರೆ ಹೊಟ್ಟೆಯಲ್ಲಿ ಮೊಟ್ಟೆ ಸಿಕ್ಕಿಕೊಂಡಿರಬಹುದು. ಹೊಟ್ಟೆ ಒತ್ತಬೇಡಿ, ಒಳಗೇ ಒಡೆಯುತ್ತದೆ. ಸಣ್ಣ ಡಬ್ಬಿಯಲ್ಲಿಟ್ಟು 30 ಡಿಗ್ರಿ ಬೆಚ್ಚಗೆ ಮಾಡಿ, ವೈದ್ಯರಲ್ಲಿಗೆ ಓಡಿ. ಕಟಲ್ ಬೋನ್, ಅಂದರೆ ಸುಣ್ಣದಂಶ ಕೊಡುವ ಕಡಲಜೀವಿಯ ಚಿಪ್ಪು, ಸದಾ ಪಂಜರದಲ್ಲಿದ್ದರೆ ಈ ಗೋಳು ಕಡಿಮೆ. ಮೂರು ಬದಿಗೆ ಗೋಣಿ ಕಟ್ಟಿ, ಮೇಲೆ ಗಾಳಿ ಆಡಲಿ. ಇದ್ದಿಲ ಒಲೆ ಇಡಲೇಬೇಡಿ, ಅದರ ಹೊಗೆಗೆ ಒಂದೂ ಉಳಿಯುವುದಿಲ್ಲ. ಗೂಡಿಗೆ ತೆಂಗಿನ ನಾರನ್ನು ಬೆರಳುದ್ದ ಕತ್ತರಿಸಿ ಕೊಡಿ. ದಾರ ಬೇಡ, ಮರಿಯ ಕಾಲಿಗೆ ಸುತ್ತಿಕೊಳ್ಳುತ್ತದೆ. ಮೊದಲ ಮೊಟ್ಟೆ ಬಿದ್ದೊಡನೆ ನಾರು ತೆಗೆಯಿರಿ, ಇಲ್ಲದಿದ್ದರೆ ಮೊಟ್ಟೆಯ ಮೇಲೇ ಮತ್ತೊಂದು ಗೂಡು ಕಟ್ಟುತ್ತವೆ. ನಮ್ಮ ರಾಟವಾಳ (ಮುನಿಯಾ) ಹಕ್ಕಿಯನ್ನು ಮಾತ್ರ ಸಾಕಬೇಡಿ, 1972ರ ವನ್ಯಜೀವಿ ಕಾಯ್ದೆಯಡಿ ಅದು ಅಪರಾಧ.

ಇಷ್ಟೆಲ್ಲ ಮಾಡಲಾಗದಿದ್ದರೆ ನವೆಂಬರ್‌ನಲ್ಲೇ ಗೂಡು ಬಿಚ್ಚಿ, ಗಂಡು ಹೆಣ್ಣು ಬೇರೆ ಮಾಡಿ. ಮಾಡುವವರು ಇವತ್ತೇ ಸಂಜೆ ಟೈಮರ್ ಹಾಕಿಕೊಳ್ಳಿ. ನಮಸ್ಕಾರ.